ಸಂಬಳ ಜಪ್ತಿ: 1,000 ರೂಪಾಯಿ ಮಿತಿ ಏರಲಿ



ಸಹೋದ್ಯೋಗಿಯ ಸಾಲಕ್ಕೆ ಜಾಮೀನು ನಿಂತು, ಆತ ಕಂತು ಕಟ್ಟದೆ ಕೈಚೆಲ್ಲಿದ ಮೇಲೆ ತಮ್ಮ ಸಂಬಳವೇ ಜಪ್ತಿಯಾದ ಗುಮಾಸ್ತರನ್ನು, ಅಟೆಂಡರ್‌ಗಳನ್ನು ಸೇವೆಯಲ್ಲಿದ್ದಾಗ ಬಹಳ ಕಂಡಿದ್ದೇನೆ. ಕೋರ್ಟಿನ ಆದೇಶ ಬಂದೊಡನೆ ಎಲ್ಲವೂ ಹೋಯಿತೆಂದು ಅವರು ಕಂಗಾಲಾಗುತ್ತಿದ್ದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ತಮಗೆ ರಕ್ಷಣೆ ಕೊಟ್ಟಿದೆ ಎಂಬುದೇ ಅನೇಕರಿಗೆ ಗೊತ್ತಿರಲಿಲ್ಲ.

ಅದರಂತೆ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ಲೆಕ್ಕಕ್ಕೆ ಬರುವ ಸಂಬಳ 31,000 ಇದ್ದರೆ ತಿಂಗಳಿಗೆ 10,000 ಮೀರಿ ಹಿಡಿಯುವಂತಿಲ್ಲ. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹಿಡಿದಾದ ಮೇಲೆ ಆ ಡಿಕ್ರಿಗಾಗಿ ಮತ್ತೆ ಸಂಬಳಕ್ಕೆ ಕೈಹಾಕುವಂತಿಲ್ಲ. ಜೀವನಾಂಶದ ಡಿಕ್ರಿಯಾದರೆ ಮಾತ್ರ ನೌಕರನಿಗೆ ಉಳಿಯುವ ರಕ್ಷಣೆ ಮೂರನೇ ಒಂದು ಭಾಗ. ಹೆಂಡತಿ ಮಕ್ಕಳ ಅನ್ನದ ಪ್ರಶ್ನೆ, ಅದು ನ್ಯಾಯವೇ.

ನನ್ನ ತಕರಾರು ಆ 1,000 ರೂಪಾಯಿಯದು. 1999ರ ತಿದ್ದುಪಡಿ ತಂದ ಈ ಮೊತ್ತ 2002ರಲ್ಲಿ ಜಾರಿಗೆ ಬಂತು. ಇಂದು ಒಂದು ಗ್ಯಾಸ್ ಸಿಲಿಂಡರ್ ತಂದರೆ ಅದರ ಬಹುಪಾಲು ಮುಗಿಯಿತು. ಸಂಸತ್ತು ಇದನ್ನು ಕೂಡಲೇ ಏರಿಸಬೇಕು. ಅಲ್ಲಿಯವರೆಗೆ ವೇತನ ಬಟವಾಡೆ ಅಧಿಕಾರಿಗಳು ಕಡಿತದ ಲೆಕ್ಕವನ್ನೂ ಎಷ್ಟನೇ ತಿಂಗಳ ಕಡಿತವೆಂಬುದನ್ನೂ ನೌಕರನಿಗೆ ಲಿಖಿತವಾಗಿ ಕೊಡಲಿ.

– ನಿವೃತ್ತ ಪ್ರಥಮ ದರ್ಜೆ ಸಹಾಯಕ, ಹಾವೇರಿ