ತೀವ್ರತೆಯ ಅಂಕಿ ಮತ್ತು ಮನೆಗೋಡೆಯ ಪ್ರಶ್ನೆ

2021ರ ಅಕ್ಟೋಬರ್ 11ರ ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಕಲಬುರಗಿ ಜಿಲ್ಲೆಯಲ್ಲಿ ಭೂಮಿ ನಡುಗಿತು. ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರ ದಾಖಲಿಸಿದ ತೀವ್ರತೆ 4.1. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಆ ದಿನಗಳಲ್ಲಿ ನೆಲದೊಳಗಿಂದ ಮತ್ತೆ ಮತ್ತೆ ಸದ್ದು ಕೇಳುತ್ತಿತ್ತು. ಜನ ಮನೆಯೊಳಗೆ ಮಲಗಲು ಹೆದರಿ ಬಯಲಿಗೆ ಬಂದರು, ಕೆಲವರು ಊರನ್ನೇ ಬಿಟ್ಟು ಹೋದರು. ಸಿಕ್ಕ ಸಮಾಧಾನ ಒಂದೇ: ಕಂಪನ ಸಣ್ಣದು, ಭಯಪಡುವ ಕಾರಣವಿಲ್ಲ. ಕಂಪನ ಸಣ್ಣದು ಎಂಬುದು ನಿಜ. ಆದರೂ ಭಯ ಹೋಗಲಿಲ್ಲ. ಇದನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಜನ ಕೇಳಿದ್ದು ಭೂಮಿ ಎಷ್ಟು ನಡುಗಿತು ಎಂದಲ್ಲ, ತಮ್ಮ ಮನೆ ನಿಂತೀತೇ ಎಂದು. ಆ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಸದ್ದಿನ ವಿಷಯದಲ್ಲಿ ವಿಜ್ಞಾನ ಹೇಳುವುದು ಜನರ ಅನುಭವಕ್ಕೆ ವಿರುದ್ಧವಾಗಿಯೇನೂ ಇಲ್ಲ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸೀಮೆಯ ನೆಲದಡಿ ಇರುವುದು ಭೀಮಾ ಕೊಳ್ಳದ ಸುಣ್ಣದ ಕಲ್ಲು. ಅದರ ಮೇಲೆ ಅಲ್ಲಲ್ಲಿ ದಖನ್ನಿನ ಕಪ್ಪುಕಲ್ಲಿನ ಹೊದಿಕೆಯಿದೆ. ಸುಣ್ಣದ ಕಲ್ಲು ಮಳೆನೀರಿನಲ್ಲಿ ನಿಧಾನವಾಗಿ ಕರಗಿ ಬಿರುಕು, ಪೊಳ್ಳುಗಳಾಗುತ್ತವೆ. ಮಳೆಗಾಲದ ಕೊನೆಗೆ ಆಳಕ್ಕಿಳಿದ ನೀರಿನ ಒತ್ತಡ ಬಿರುಕುಗಳ ಬಿಗಿಯನ್ನು ಸಡಿಲಿಸಿದರೆ, ಮೊದಲೇ ಒತ್ತಡದಲ್ಲಿರುವ ಬಂಡೆ ಜಾರುತ್ತದೆ. ಇಂಥ ಕಂಪನ ಮೇಲ್ಪದರದಲ್ಲೇ ಹುಟ್ಟುವುದರಿಂದ ಅಲೆಗಳು ದಾರಿಯಲ್ಲಿ ಕುಗ್ಗುವ ಮೊದಲೇ ನೆಲದ ಮೇಲೆ ಬಂದು ಗಾಳಿಯನ್ನು ಅಲುಗಿಸುತ್ತವೆ. ಅದೇ ಕಿವಿಗೆ ಸ್ಫೋಟದಂತೆ ಕೇಳುತ್ತದೆ. ಹಾಗಾಗಿ ಯಂತ್ರದಲ್ಲಿ ಚಿಕ್ಕದಾಗಿ ದಾಖಲಾದ ಕಂಪನವೂ ಅದರ ನೆತ್ತಿಯ ಮೇಲಿನ ಊರಿಗೆ ಗುಡುಗಾಗಬಹುದು. ಕೇಳಿದವರು ಉತ್ಪ್ರೇಕ್ಷೆ ಮಾಡುತ್ತಿರಲಿಲ್ಲ.

ಇದೆಲ್ಲ ಸಿಮೆಂಟ್ ಕಾರ್ಖಾನೆಗಳ ಗಣಿ ಸ್ಫೋಟದ ಫಲ ಎಂಬ ಮಾತು ಈ ಭಾಗದಲ್ಲಿ ಸದಾ ಕೇಳಿಬರುತ್ತದೆ. ಗಣಿಗಳ ನಡುವೆ ಬದುಕುವವರಿಗೆ ಹಾಗನ್ನಿಸುವುದು ಸಹಜ. ಆದರೆ ಸ್ಫೋಟವನ್ನೂ ಭೂಕಂಪವನ್ನೂ ಬೇರ್ಪಡಿಸಲು ದಾರಿಯಿದೆ. ಸ್ಫೋಟದ ಮೊದಲ ಅಲೆ ಎಲ್ಲ ದಿಕ್ಕಿಗೂ ನೆಲವನ್ನು ಹೊರಕ್ಕೆ ತಳ್ಳುತ್ತದೆ. ಬಂಡೆ ಜಾರಿದಾಗ ಕೆಲವು ದಿಕ್ಕಿಗೆ ತಳ್ಳಿ, ಕೆಲವು ದಿಕ್ಕಿಗೆ ಎಳೆಯುತ್ತದೆ. ಜತೆಗೆ ಗಣಿಯ ಮದ್ದು ಸಿಡಿಯುವುದು ನೆಲದ ಮೇಲ್ಮೈಯಲ್ಲಿ, ಗೊತ್ತಾದ ಸಮಯಕ್ಕೆ. ಆದ್ದರಿಂದ ಕಂಪನಮಾಪಕದ ದಾಖಲೆ ಮತ್ತು ಗಣಿಗಳ ಸ್ಫೋಟದ ವೇಳಾಪಟ್ಟಿ ಎರಡನ್ನೂ ಪಂಚಾಯಿತಿ ಕಟ್ಟೆಯಲ್ಲಿ ಪಕ್ಕಪಕ್ಕ ಅಂಟಿಸಿದರೆ ಅನುಮಾನ ತಾನಾಗಿ ತೀರುತ್ತದೆ. ಲೆಕ್ಕವನ್ನು ಕಚೇರಿಯಲ್ಲಿಟ್ಟುಕೊಂಡು ‘ನಂಬಿ’ ಎಂದರೆ ಯಾರೂ ನಂಬುವುದಿಲ್ಲ.

ಇನ್ನು ಮನೆಯ ಪ್ರಶ್ನೆ. ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಸುಮಾರು 6.2 ತೀವ್ರತೆಯ ಭೂಕಂಪವಾಗಿ ಹತ್ತಿರ ಹತ್ತು ಸಾವಿರ ಮಂದಿ ಸತ್ತರು. ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ. ನಮ್ಮ ಹಳ್ಳಿಗಳ ಹಳೆಯ ಮನೆಗಳೂ ಬಹುಮಟ್ಟಿಗೆ ಅದೇ ಬಗೆಯವು. ಆಗಿನ ಭೂಕಂಪ ವಲಯಗಳ ನಕ್ಷೆಯಲ್ಲಿ ಕಿಲಾರಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಹಿಂದಿನ ವರ್ಷ ಅಲ್ಲಿಯೂ ಸಣ್ಣ ಕಂಪನಗಳ ಸರಣಿಯೇ ನಡೆದಿತ್ತು. ಇದನ್ನು ಬಲ್ಲ ಸೀಮೆಯ ಜನ ಮನೆಯಿಂದ ಹೊರಗೆ ಮಲಗಿದರೆ ಅದು ಮೂಢನಂಬಿಕೆಯಾಗುವುದು ಹೇಗೆ?

ಹಾಗಾದರೆ ಕಿಲಾರಿ ಇಲ್ಲಿಯೂ ಮರುಕಳಿಸುತ್ತದೆಂದು ಹೆದರಿಸುವುದು ಸರಿಯೇ ಎಂದು ಕೇಳಬಹುದು. ಸರಿಯಲ್ಲ. ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ 2018ರ ನವೆಂಬರಿನಿಂದ ಕಂಪನಗಳ ದೊಡ್ಡ ಸರಣಿಯೇ ನಡೆಯಿತು. ಅದು ಮಹಾವಿನಾಶದಲ್ಲಿ ಮುಗಿಯಲಿಲ್ಲ. ಸಣ್ಣ ಕಂಪನಗಳ ಬಹುತೇಕ ಸರಣಿಗಳು ಹಾಗೆಯೇ ತಣ್ಣಗಾಗುತ್ತವೆ. 4.1ಕ್ಕಿಂತ 6.2ರ ಶಕ್ತಿ ಸಾವಿರ ಪಟ್ಟಿಗೂ ಹೆಚ್ಚು ಎಂಬುದನ್ನೂ ಮರೆಯಬಾರದು. ಆದರೆ ಯಾವ ಸರಣಿ ತಣ್ಣಗಾಗುತ್ತದೆ, ಯಾವುದು ಕಿಲಾರಿಯಾಗುತ್ತದೆ ಎಂದು ಮುಂಚೆಯೇ ಹೇಳುವ ವಿದ್ಯೆ ಇನ್ನೂ ಯಾರಲ್ಲೂ ಇಲ್ಲ. ‘ಹೆದರಬೇಡಿ’ ಎನ್ನುವ ಭರವಸೆ ವಿಜ್ಞಾನಕ್ಕಿಂತ ಒಂದು ಹೆಜ್ಜೆ ಮುಂದೆ ಹೋದದ್ದು ಇಲ್ಲಿಯೇ. ಮುನ್ಸೂಚನೆ ನಮ್ಮ ಕೈಯಲ್ಲಿಲ್ಲದ ಮೇಲೆ ಕೈಯಲ್ಲಿ ಉಳಿಯುವುದು ಗೋಡೆಯೊಂದೇ.

ಸಾವಿರಾರು ಮನೆಗಳನ್ನು ಹೊಸದಾಗಿ ಕಟ್ಟಿಕೊಡಲು ದುಡ್ಡೆಲ್ಲಿ ಎಂಬ ಆಕ್ಷೇಪಕ್ಕೂ ಉತ್ತರವಿದೆ: ಎಲ್ಲವನ್ನೂ ಕೆಡವಬೇಕಿಲ್ಲ. ಇಂಥ ದುರ್ಬಲ ಕಲ್ಲುಮನೆಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 1993ರಲ್ಲೇ ಸಂಹಿತೆ ಪ್ರಕಟಿಸಿದೆ. ಗೋಡೆಯ ಎರಡು ಮುಖಗಳನ್ನು ಹಿಡಿದಿಡುವ ಅಡ್ಡಗಲ್ಲು, ಮೂಲೆಗಳ ಬಿಗಿತ, ಬಾಗಿಲ ಮೇಲ್ಮಟ್ಟದಲ್ಲಿ ಮನೆ ಸುತ್ತುವ ಕಾಂಕ್ರೀಟ್ ಪಟ್ಟಿ, ಮಾಳಿಗೆಯ ಮಣ್ಣಿನ ಭಾರ ಇಳಿಸುವುದು: ಊರಿನ ಗೌಂಡಿಗೆ ಕಲಿಸಿದರೆ ಬರುವ ಕೆಲಸಗಳಿವು. ಈ ಸೀಮೆಯ ಸುಣ್ಣದ ಕಲ್ಲಿನಿಂದ ನಾಡಿಗೆಲ್ಲ ಸಿಮೆಂಟ್ ಹೋಗುತ್ತದೆ. ಗಣಿಗಾರಿಕೆಯ ಪ್ರದೇಶಕ್ಕೆಂದೇ ಜಿಲ್ಲಾ ಖನಿಜ ನಿಧಿಯೂ ಇದೆ. ಅದರಲ್ಲೊಂದು ಪಾಲು ಚಿಂಚೋಳಿ, ಸೇಡಂ ತಾಲ್ಲೂಕುಗಳ ಮನೆಗಳ ತಪಾಸಣೆಗೆ ಮತ್ತು ಬಲಪಡಿಸುವಿಕೆಗೆ ಮೀಸಲಾಗಲಿ. ಮುಂದಿನ ಸಲ ಭೂಮಿ ಗುಡುಗಿದಾಗ ಅಧಿಕಾರಿಗಳು ತೀವ್ರತೆಯ ಅಂಕಿಯ ಜತೆಗೆ ಊರಿನ ಎಷ್ಟು ಮನೆಗಳು ಗಟ್ಟಿಯಾಗಿವೆ ಎಂಬ ಲೆಕ್ಕವನ್ನೂ ತರಲಿ. ಹೆದರಬೇಡಿ ಎನ್ನುವ ಹಕ್ಕು ಆಗ ಬರುತ್ತದೆ.