ಊರಿನ ಊಟ ಊರಿನಲ್ಲೇ ಕಾಣದಾದಾಗ

ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಸುಮಾರು ಏಳು ದಶಕ ನಡೆದ ನ್ಯೂ ಕೃಷ್ಣ ಭವನ 2023ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿತು. ಗಿರಾಕಿಗಳಿಲ್ಲದೆ ಸೊರಗಿ ಮುಚ್ಚಿದ ಹೋಟೆಲ್ ಅದಾಗಿರಲಿಲ್ಲ. ಕೊನೆಯ ದಿನಗಳಲ್ಲಿ ಬಟನ್ ಇಡ್ಲಿಗಾಗಿ, ಹಸಿರು ಮಸಾಲೆ ಇಡ್ಲಿಗಾಗಿ ಜನ ಸಾಲುಗಟ್ಟಿ ನಿಂತಿದ್ದರು. ಹೋಟೆಲ್ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಅದು ನಿಂತಿದ್ದ ನೆಲ ಹೋಟೆಲಿಗಿಂತ ಹೆಚ್ಚು ಬೆಲೆಬಾಳುತ್ತಿತ್ತು. ಬೆಂಗಳೂರಿನಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಯನ್ನು ನಾಲಿಗೆಯಿಂದಲ್ಲ, ನೆಲದ ಬೆಲೆಯಿಂದಲೇ ಆರಂಭಿಸಬೇಕಾಗಿ ಬಂದಿರುವುದು ಈ ಕಾರಣಕ್ಕೆ.

ರಾಜಧಾನಿಗೆ ಕೆಲಸದ ಮೇಲೆ ಬರುವ ಹುಬ್ಬಳ್ಳಿ, ಮಂಗಳೂರು, ಕಲಬುರಗಿಯ ಓದುಗರಿಗೆ ಒಂದು ಅನುಭವ ಸಾಮಾನ್ಯ. ಲಾಡ್ಜಿನಲ್ಲಿ ಕುಳಿತು ಮೊಬೈಲ್ ತೆರೆದು 'ಸಮೀಪದ ಊಟ' ಎಂದು ಹುಡುಕಿದರೆ ನೂರಾರು ಹೆಸರುಗಳು ಬರುತ್ತವೆ. ಹೈದರಾಬಾದಿನ ಬಿರಿಯಾನಿ, ಪಂಜಾಬಿನ ಪನೀರ್, ಟಿಬೆಟಿನ ಮೋಮೊ, ಇಟಲಿಯ ಪಿಜ್ಜಾ ಎಲ್ಲವೂ ಅರ್ಧ ಗಂಟೆಯೊಳಗೆ ಬಾಗಿಲಿಗೆ ಬರಬಲ್ಲವು. ರಾಗಿ ಮುದ್ದೆ ಮತ್ತು ಬಸ್ಸಾರು ಎಲ್ಲಿ ಎಂದರೆ ಮಾತ್ರ ಪಟ್ಟಿ ತಟ್ಟನೆ ಸಣ್ಣದಾಗುತ್ತದೆ. ಹಾಗಾದರೆ ಬೆಂಗಳೂರಿನ ಊಟ ಬೆಂಗಳೂರಿನಲ್ಲಿಲ್ಲವೇ? ಇದೆ. ಆದರೆ ಅದು ಈಗಿನ ಹುಡುಕಾಟದ ದಾರಿಯಲ್ಲಿ ಇಲ್ಲ.

ಮೊದಲು 'ಸ್ಥಳೀಯ' ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಹೊರಗಿನವರು ಬೆಂಗಳೂರಿನ ತಿಂಡಿ ಎಂದು ಗುರುತಿಸುವುದು ಮಸಾಲೆ ದೋಸೆ, ಇಡ್ಲಿ-ವಡೆ, ಖಾರಾಬಾತ್-ಕೇಸರಿಬಾತ್ ಮತ್ತು ಫಿಲ್ಟರ್ ಕಾಫಿಯನ್ನು. ಈ ಪಟ್ಟಿಯನ್ನು ನಗರಕ್ಕೆ ಕೊಟ್ಟವರಲ್ಲಿ ಬಹುಪಾಲು ಕರಾವಳಿಯಿಂದ ಬಂದವರು. ಉಡುಪಿ ಸಮೀಪದ ಪಾರಂಪಳ್ಳಿಯ ಮೈಯ ಸಹೋದರರು 1924ರಲ್ಲಿ ಆರಂಭಿಸಿದ ಉಪಾಹಾರ ಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ ಆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಹುಟ್ಟಿದ್ದು ತಮ್ಮ ಅಡುಗೆಮನೆಯಲ್ಲಿ ಎಂಬುದು ಆ ಸಂಸ್ಥೆಯ ಹೇಳಿಕೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಆರಂಭವಾದದ್ದು 1943ರಲ್ಲಿ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಲ್ಲಿ. ನೂರು ವರ್ಷಗಳಲ್ಲಿ ಇವೆಲ್ಲ ಈ ಊರಿನದೇ ಆಗಿಹೋದವು, ಅದರಲ್ಲಿ ಅನುಮಾನವಿಲ್ಲ.

ಆದರೆ ಬೆಂಗಳೂರು, ಮಾಗಡಿ, ಕನಕಪುರ, ಕೋಲಾರದ ಮನೆಗಳಲ್ಲಿ ಬೇಯುವ ಊಟ ಬೇರೆ. ಮುದ್ದೆ, ಉಪ್ಪುಸಾರು, ಮಸ್ಸೊಪ್ಪು, ಹುರುಳಿ ಕಾಳಿನ ಸಾರು, ಚಳಿಗಾಲದಲ್ಲಿ ಹಿತಕಿದ ಅವರೆಬೇಳೆ, ಭಾನುವಾರ ನಾಟಿಕೋಳಿ ಸಾರು. ಈ ಊಟ ಫಲಾಹಾರ ಮಂದಿರಗಳ ಒಳಗೆ ಬಹಳ ಕಾಲ ಬರಲೇ ಇಲ್ಲ. ಅದು ಸಿಕ್ಕಿದ್ದು ಮಿಲಿಟರಿ ಹೋಟೆಲುಗಳಲ್ಲಿ. ಮಿಲಿಟರಿ ಎಂದರೆ ಈ ಊರಿನ ಮಾತಿನಲ್ಲಿ ಮಾಂಸಾಹಾರ ಎಂದೇ ಅರ್ಥ. ಕಾಟನ್‌ಪೇಟೆಯ ಎಸ್.ಜಿ. ರಾವ್ಸ್ ಮಿಲಿಟರಿ ಹೋಟೆಲ್ 1908ರಷ್ಟು ಹಳೆಯದು. ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್ ತನ್ನ ಆರಂಭವನ್ನು 1935ರಿಂದ ಎಣಿಸುತ್ತದೆ. ಜೀರಗ ಸಾಂಬ ಅಕ್ಕಿ, ಕೊತ್ತಂಬರಿ-ಪುದೀನದ ಹಸಿರು ಮಸಾಲೆ, ಎಲೆಯ ದೊನ್ನೆ: ಈ ಬಿರಿಯಾನಿಗೆ ಹೈದರಾಬಾದಿನ ಹಂಗಿಲ್ಲ. ಆದರೂ ಸರ್ಕಾರಿ ಕೈಪಿಡಿಗಳಲ್ಲಿ, ಪ್ರವಾಸಿ ಪುಸ್ತಕಗಳಲ್ಲಿ ದೋಸೆಗೆ ದೊರೆತ ಪುಟಗಳಲ್ಲಿ ಕಾಲು ಪಾಲೂ ಮುದ್ದೆಗಾಗಲಿ ದೊನ್ನೆಗಾಗಲಿ ದೊರೆತಿಲ್ಲ. ಯಾರ ಅಡುಗೆ ಊರಿನ ಹೆಸರನ್ನು ಹೊತ್ತುಕೊಳ್ಳುತ್ತದೆ ಎಂಬುದರ ಹಿಂದೆ ಜಾತಿಯ ಲೆಕ್ಕಾಚಾರವೂ ಇತ್ತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಹೀಗೆ ಮೊದಲೇ ಮರೆಯಲ್ಲಿದ್ದ ಊಟವನ್ನು ಮೊಬೈಲ್ ಇನ್ನಷ್ಟು ಮರೆಗೆ ತಳ್ಳಿದೆ. ಸ್ವಿಗ್ಗಿ 2014ರಲ್ಲಿ ಹುಟ್ಟಿದ್ದೇ ಈ ನಗರದಲ್ಲಿ. ಅದು ಮತ್ತು ಜೊಮ್ಯಾಟೊ ಸೇರಿ ಇಂದು ನಗರದ ಹಸಿವಿಗೆ ದಾರಿ ತೋರಿಸುತ್ತಿವೆ. ಇವುಗಳಲ್ಲಿ ಯಾವ ಹೋಟೆಲ್ ಮೇಲೆ ಕಾಣಬೇಕು ಎಂಬುದನ್ನು ರುಚಿಯೊಂದೇ ನಿರ್ಧರಿಸುವುದಿಲ್ಲ. ಹಣ ಕೊಟ್ಟು ಪಡೆದ ಜಾಹೀರಾತಿನ ಜಾಗಗಳೂ ಅಲ್ಲಿವೆ, ಹೋಟೆಲೇ ಭರಿಸುವ ರಿಯಾಯಿತಿಗಳೂ ಇವೆ. ಪ್ರತಿ ಬಿಲ್ಲಿನ ಮೇಲೆ ತೆರಬೇಕಾದ ಕಮಿಷನ್ ಬಗ್ಗೆ ಹೋಟೆಲಿನವರ ದೂರು ಇಂದು ನಿನ್ನೆಯದಲ್ಲ. ರೆಸ್ಟೋರೆಂಟ್ ಮಾಲೀಕರ ರಾಷ್ಟ್ರೀಯ ಸಂಘದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2022ರ ಏಪ್ರಿಲ್‌ನಲ್ಲಿ ಎರಡೂ ಕಂಪನಿಗಳ ವಿರುದ್ಧ ತನಿಖೆಗೆ ಆದೇಶಿಸಿತ್ತು. ಒಂದು ಸರಳ ಲೆಕ್ಕ ಹಾಕೋಣ. 60 ರೂಪಾಯಿಯ ದೋಸೆಯಲ್ಲಿ ನಾಲ್ಕನೇ ಒಂದು ಪಾಲು ಕಮಿಷನ್ನಿಗೆ ಹೋಯಿತೆಂದರೆ 15 ರೂಪಾಯಿ ಹೋಯಿತು. ಉಳಿದ 45 ರೂಪಾಯಿಯಲ್ಲಿ ಅಕ್ಕಿ, ಉದ್ದು, ಬೆಣ್ಣೆ, ಅನಿಲ, ಬಾಡಿಗೆ, ಸಂಬಳ ಎಲ್ಲ ಏಳಬೇಕು. 300 ರೂಪಾಯಿಯ ಬಿರಿಯಾನಿ ಈ ಹೊಡೆತವನ್ನು ತಡೆದೀತು, ದೋಸೆ ತಡೆಯದು.

ಇನ್ನೂ ಒಂದು ಸಂಗತಿಯಿದೆ, ಅದು ಹಣದ್ದಲ್ಲ. ಕಾವಲಿಯಿಂದ ತಟ್ಟೆಗೆ ಬಂದ ದೋಸೆಯ ಗರಿಗರಿಗೆ ಆಯುಷ್ಯ ಕೆಲವೇ ನಿಮಿಷ. ಅದನ್ನು ಡಬ್ಬಿಯಲ್ಲಿಟ್ಟು ಹೊಸೂರು ರಸ್ತೆಯ ದಟ್ಟಣೆಯಲ್ಲಿ ಸಾಗಿಸಿದರೆ ತಲುಪುವುದು ಒದ್ದೆ ಬಟ್ಟೆಯಂತಹ ಒಂದು ವಸ್ತು. ಮುದ್ದೆಯ ಪಾಡೂ ಅಷ್ಟೆ; ಆರಿದ ಮುದ್ದೆಯನ್ನು ನುಂಗುವುದು ಶಿಕ್ಷೆ. ಮನೆಗೆ ಬಂದ ಡಬ್ಬಿಯನ್ನು ತಿಂದವರು ಕೊಡುವ ಅಂಕಗಳು ಹೀಗಾಗಿ ಪಯಣ ತಾಳಿಕೊಳ್ಳುವ ಆಹಾರದ ಪರವಾಗಿಯೇ ಇರುತ್ತವೆ. ಅಂಕ ಕಡಿಮೆ ಬಂದ ಹೋಟೆಲ್ ಕೆಟ್ಟದ್ದಾಗಿರಬೇಕಿಲ್ಲ. ಹೋಗಿ ತಿನ್ನಬೇಕಾದ ಹೋಟೆಲ್ ಅದಾಗಿರಬಹುದು.

ಇದರ ಜೊತೆಗೆ ಅಂಗಡಿಯೇ ಇಲ್ಲದ ಹೋಟೆಲುಗಳಿವೆ. ಕ್ಲೌಡ್ ಕಿಚನ್ ಎಂದು ಕರೆಯಲಾಗುವ ಇವು ಒಂದೇ ಅಡುಗೆಮನೆಯಲ್ಲಿ ಬೇಯಿಸಿ ಹಲವು ಹೆಸರುಗಳಲ್ಲಿ ಮಾರುತ್ತವೆ. ಅಜ್ಜಿಯ ಹೆಸರಿನ ಊಟ, ಆಂಧ್ರದ ಹೆಸರಿನ ಊಟ, ಲಖನೌ ಹೆಸರಿನ ಊಟ ಮೂರೂ ಒಂದೇ ಒಲೆಯಿಂದ ಬಂದಿರುವುದು ಸಾಧ್ಯ. ಇದನ್ನು ಪತ್ತೆಹಚ್ಚುವ ಉಪಾಯ ಕಷ್ಟದ್ದೇನಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಪ್ರತಿ ಹೋಟೆಲಿನ ಪುಟದ ಕೆಳಗೆ ಇರುತ್ತದೆ. ಪರವಾನಗಿ ದೊರೆಯುವುದು ಸ್ಥಳಕ್ಕೆ. ಬೇರೆ ಬೇರೆ ಹೆಸರುಗಳ ಕೆಳಗೆ ಒಂದೇ ಸಂಖ್ಯೆ ಕಂಡರೆ ಅಡುಗೆಮನೆ ಒಂದೇ ಎಂದು ತಿಳಿಯಬಹುದು. ಅಲ್ಲಿನ ಊಟ ಕೆಟ್ಟದ್ದೆಂದು ಇದರಿಂದ ಹೇಳಲಾಗದು. ಆದರೆ ಅದನ್ನು ಊರಿನ ಊಟವೆಂದು ನಂಬಿ ತಿನ್ನುವ ಅಗತ್ಯವಿಲ್ಲ.

ಹಳೆಯ ಹೋಟೆಲುಗಳ ವಿಷಯಕ್ಕೆ ಮರಳೋಣ. ಬೆಂಗಳೂರಿನ ಸಾಮಾನ್ಯನಿಗೆ ಅಗ್ಗದಲ್ಲಿ ಒಳ್ಳೆಯ ತಿಂಡಿ ಸಿಗುವಂತೆ ಮಾಡಿದ್ದು ದರ್ಶಿನಿ. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿಯಿಂದ ಈ ಮಾದರಿ ಹಬ್ಬಿತು. ಮೊದಲು ಹಣ ಕೊಟ್ಟು ಚೀಟಿ ಪಡೆಯುವುದು, ತಾವೇ ತಟ್ಟೆ ಎತ್ತಿಕೊಳ್ಳುವುದು, ನಿಂತು ತಿನ್ನುವುದು, ಕಣ್ಣೆದುರೇ ಅಡುಗೆ. ಕುರ್ಚಿಯಿಲ್ಲ, ಸಪ್ಲೈಯರ್ ಇಲ್ಲ, ಹತ್ತು ನಿಮಿಷಕ್ಕೊಮ್ಮೆ ಹೊಸ ಗಿರಾಕಿ. ಸಣ್ಣ ಜಾಗದಲ್ಲಿ ದೊಡ್ಡ ವ್ಯಾಪಾರ ಎಂಬುದೇ ಇದರ ಗುಟ್ಟು. ಬಾಡಿಗೆ ಏರಿದಂತೆ ಈ ಗುಟ್ಟೂ ಸಾಲದಾಗುತ್ತದೆ. ದರ್ಶಿನಿಯೇ ಈಗ ಹೊಸ ವೇಷ ತೊಟ್ಟಿದೆ: 2021ರಲ್ಲಿ ಆರಂಭವಾದ ರಾಮೇಶ್ವರಂ ಕೆಫೆಯಲ್ಲಿ ನಿಂತು ತಿನ್ನುವ ಪದ್ಧತಿ ಅದೇ, ದರ ಮಾತ್ರ ಬೇರೆ. ಬೆಂಗಳೂರಿನ ಪದ್ಧತಿಗೆ ತಮಿಳುನಾಡಿನ ಊರಿನ ಹೆಸರು. ಅದು ಅಬ್ದುಲ್ ಕಲಾಂ ಅವರ ನೆನಪಿಗೆ ಎನ್ನುತ್ತಾರೆ ಮಾಲೀಕರು, ಒಪ್ಪೋಣ.

ಬಾಡಿಗೆದಾರ ಹೋಟೆಲಿಗೆ ಕಾನೂನಿನ ಆಸರೆ ಇದೆಯೇ? 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ 14 ಚದರ ಮೀಟರಿಗಿಂತ ದೊಡ್ಡ ವಾಣಿಜ್ಯ ಮಳಿಗೆಗಳಿಗೆ ಅನ್ವಯಿಸುವುದಿಲ್ಲ. 14 ಚದರ ಮೀಟರಿನಲ್ಲಿ ಬೀಡಾ ಅಂಗಡಿ ನಡೆದೀತು, ಹೋಟೆಲ್ ನಡೆಯದು. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ಕಟ್ಟಡ ಮಾಲೀಕರೊಂದಿಗಿನ ವ್ಯಾಜ್ಯದ ನಂತರ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಸ್ವಂತ ಕಟ್ಟಡವಿದ್ದವರಿಗೆ ಬಾಡಿಗೆಯ ಭಯವಿಲ್ಲ, ಆದರೆ ಮಾರಾಟದ ಆಸೆಯಿದೆ. ಮುಂಜಾನೆ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬಿಸುವ ಕೆಲಸಕ್ಕೆ ಮಕ್ಕಳು ಬರಲೊಲ್ಲರು. ಅದೇ ನಿವೇಶನ ಮಾರಿದರೆ ಮೂರು ತಲೆಮಾರು ಕುಳಿತು ಉಣ್ಣಬಹುದು. ಯಾರನ್ನು ದೂರುವುದು? ಹಳೆಯ ಕಟ್ಟಡಗಳನ್ನು ಪಾರಂಪರಿಕ ಎಂದು ಗುರುತಿಸುವ ನಮ್ಮ ಆಡಳಿತ, ಅವುಗಳಲ್ಲಿ ನಡೆಯುವ ಹೋಟೆಲುಗಳನ್ನು ಆ ಕಣ್ಣಿನಿಂದ ನೋಡಿದ್ದು ಕಡಿಮೆ.

ನೋಡಿದ್ದು ತೆರಿಗೆಯ ಕಣ್ಣಿನಿಂದ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವರ್ತಕರಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಬೀದಿಗಳಲ್ಲಿ 'ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡವು. ಸೇವೆಗಳಿಗೆ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ. ದಿನಕ್ಕೆ ಭಾಗಿಸಿದರೆ ಐದೂವರೆ ಸಾವಿರ. ಲಾಭವಲ್ಲ, ಒಟ್ಟು ವ್ಯಾಪಾರ. ಬೆಳಗಿನ ತಿಂಡಿಯ ತಳ್ಳುಗಾಡಿಯೂ ಚೆನ್ನಾಗಿ ನಡೆದರೆ ಇದನ್ನು ದಾಟುತ್ತದೆ. ವರ್ತಕರ ಪ್ರತಿಭಟನೆಯ ನಂತರ ಸರ್ಕಾರ ಮೆತ್ತಗಾಯಿತು, ನಿಜ. ತೆರಿಗೆ ಕಟ್ಟಬಾರದು ಎಂದು ಯಾರೂ ವಾದಿಸಲಾರರು. ಆದರೆ ಮೊದಲು ತಿಳಿವಳಿಕೆ, ಆಮೇಲೆ ನೋಟಿಸ್ ಎಂಬ ಕ್ರಮವನ್ನು ಇಲಾಖೆ ಮರೆತದ್ದರಿಂದ ಅಂಜಿದವರು ಬಡಾವಣೆಯ ಚೆನ್ನಾದ ಚಿಕ್ಕ ಹೋಟೆಲಿನವರು.

ಗ್ರಾಹಕರ ಪಾಲೂ ಇದರಲ್ಲಿದೆ. 2025ರ ಏಪ್ರಿಲ್ 1ರಿಂದ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು, ಕಾಫಿ ಬೀಜದ ಬೆಲೆಯೂ ಅದಕ್ಕೂ ಮೊದಲೇ ಗಗನಕ್ಕೇರಿತ್ತು. ದರ್ಶಿನಿಯ ಕಾಫಿಗೆ ಎರಡು ಮೂರು ರೂಪಾಯಿ ಸೇರಿದಾಗ ಎದ್ದ ಸೊಲ್ಲು, ಮಾಲಿನಲ್ಲಿ ಕಾಫಿಗೆ 250 ರೂಪಾಯಿ ತೆರುವಾಗ ಏಳುವುದಿಲ್ಲ. ಊರಿನ ಊಟ ಅಗ್ಗವಾಗಿಯೇ ಇರಬೇಕೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಅಗ್ಗವಾಗಿರಲೇಬೇಕಾದದ್ದು ಎಲ್ಲಿ ಕೈಕೊಡುತ್ತದೆ ಎಂದರೆ ಎಣ್ಣೆಯಲ್ಲಿ, ತುಪ್ಪದಲ್ಲಿ, ಸ್ವಚ್ಛತೆಯಲ್ಲಿ. 2025ರ ಫೆಬ್ರುವರಿಯಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುವುದು ಆಹಾರ ಸುರಕ್ಷತಾ ಅಧಿಕಾರಿಗಳ ತಪಾಸಣೆಯಲ್ಲಿ ಬೆಳಕಿಗೆ ಬಂದಿತ್ತು. ಬಟ್ಟೆ ಒಗೆಯುವ ಕೂಲಿ ಉಳಿಸುವ ದಾರಿ ಅದು.

ಹಾಗಿದ್ದರೂ ಹುಡುಕುವವರಿಗೆ ಊಟ ಸಿಗುತ್ತದೆ. ಮೊದಲು ಗಡಿಯಾರ ನೋಡಬೇಕು. ಮಿಲಿಟರಿ ಹೋಟೆಲಿಗೆ ಮಧ್ಯಾಹ್ನ ಮೂರಕ್ಕೆ ಹೋದರೆ ಮುಗಿದ ಹಂಡೆಯನ್ನು ನೋಡಿ ಬರಬೇಕಾಗುತ್ತದೆ. ಬಿಸಿ ಮುದ್ದೆ, ಬೋಟಿ, ತಲೆಮಾಂಸ ಬೇಕಾದವರು ಒಂದು ಗಂಟೆಯೊಳಗೆ ಅಲ್ಲಿರಬೇಕು. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಸೊಗಡಿನ ಅವರೆಗೆ ಡಿಸೆಂಬರ್-ಜನವರಿಯೇ ಕಾಲ; ಆಗ ವಿ.ವಿ. ಪುರದ ತಿಂಡಿ ಬೀದಿಯ ಕಡೆ ಹೋದವರಿಗೆ ಅವರೆಯ ದೋಸೆಯಿಂದ ಜಿಲೇಬಿಯವರೆಗೆ ಸಿಕ್ಕಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ ಬೇಕೆನ್ನುವವರಿಗೆ ಮೆಜೆಸ್ಟಿಕ್-ಗಾಂಧಿನಗರದ ಖಾನಾವಳಿಗಳು ಇವೆ, ರಾತ್ರಿ ಬಸ್ಸಿಗೆ ಹೊರಡುವವರಿಗೆ ಅನುಕೂಲವೂ ಹೌದು. ಪಟ್ಟಿ ಚಿಕ್ಕದಿದ್ದಷ್ಟೂ ಅಡುಗೆಯ ಮೇಲೆ ನಂಬಿಕೆ ಇಡಬಹುದು ಎಂಬುದು ನನ್ನ ಅಭಿಪ್ರಾಯ. ಬ್ರಾಹ್ಮಿನ್ಸ್ ಕಾಫಿ ಬಾರಿನ ಪಟ್ಟಿ ಬೆರಳೆಣಿಕೆಯದು, ಇಡ್ಲಿ-ವಡೆ, ಖಾರಾಬಾತ್, ಕೇಸರಿಬಾತ್, ಚಟ್ನಿಯೇ ಗತಿ. ಸಾಂಬಾರ್ ಕೇಳಿ ನಿರಾಶರಾಗಬೇಡಿ.

ಇವೆಲ್ಲ ಹಳೆಯ ಬೆಂಗಳೂರಿನ ಮಾತು. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಎಲೆಕ್ಟ್ರಾನಿಕ್ ಸಿಟಿಯ ಲಕ್ಷಾಂತರ ಮಂದಿ ವಾಸಿಸುವ ಹೊಸ ಬೆಂಗಳೂರಿನಲ್ಲಿ ಹಳೆಯ ಬಾಡಿಗೆಯೂ ಇಲ್ಲ, ಹಳೆಯ ಹೋಟೆಲೂ ಇಲ್ಲ. ಅಲ್ಲಿ ಮೊದಲ ದಿನದಿಂದಲೇ ಇಂದಿನ ದರದ ಬಾಡಿಗೆ. ಅಲ್ಲಿನ ಹಳ್ಳಿಗಳಾದ ವರ್ತೂರು, ಗುಂಜೂರು, ದೊಮ್ಮಸಂದ್ರಗಳ ಮನೆಗಳಲ್ಲಿ ಇಂದಿಗೂ ಮುದ್ದೆ ತೊಳಸುತ್ತಾರೆ. ಎದುರಿನ ಅಪಾರ್ಟ್‌ಮೆಂಟಿನ ನಿವಾಸಿಗೆ ಅದರ ಸುಳಿವೂ ಇಲ್ಲ. 2017ರ ಆಗಸ್ಟ್‌ನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನುಗಳ ಊಟದ ಪಟ್ಟಿಗೆ ನಂತರದ ವರ್ಷಗಳಲ್ಲಿ ಮುದ್ದೆಯನ್ನು ಸೇರಿಸುವ ನಿರ್ಧಾರವಾಯಿತು. ಹತ್ತು ರೂಪಾಯಿಯ ಆ ಊಟ ಬಡವರಿಗಾಗಿ, ಅದು ಹಾಗೆಯೇ ಇರಲಿ. ಆದರೆ ಐಟಿ ಕಂಪನಿಗಳ ಆವರಣದೊಳಗೆ ಬೆಳಗ್ಗೆಯಿಂದ ರಾತ್ರಿಯವರೆಗೆ ತೆರೆದಿರುವ ಊಟದ ಅಂಗಣಗಳಲ್ಲಿ ಪೋಹಾ ಇದೆ, ಪಾಸ್ತಾ ಇದೆ, ರಾಜ್ಮಾ ಇದೆ. ಆ ಅಂಗಣಗಳ ಗುತ್ತಿಗೆ ಹಿಡಿದವರಲ್ಲಿ ಒಬ್ಬರಾದರೂ ಮಧ್ಯಾಹ್ನ ಒಂದಕ್ಕೆ ಬಿಸಿ ಮುದ್ದೆ, ಸೊಪ್ಪಿನ ಸಾರು ಇಟ್ಟು ನೋಡಿದರೆ ಖಾಲಿಯಾಗದೆ ಉಳಿದೀತೇ? ಹುಬ್ಬಳ್ಳಿಯಿಂದಲೂ ಹಾಸನದಿಂದಲೂ ಬಂದು ಅಲ್ಲಿ ದುಡಿಯುವ ಹುಡುಗರನ್ನು ಕೇಳಬೇಕು. ಇದುವರೆಗೆ ಅವರನ್ನು ಯಾರೂ ಕೇಳಿದಂತಿಲ್ಲ.