ಉಪದೇಶ ಮಾಡದ ಉಪಾಧ್ಯಾಯರು

ಮಳೆಗಾಲದಲ್ಲಿ ಉಪಾಧ್ಯಾಯರು ನೆನೆದ ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ ತರಗತಿಯನ್ನು ಪ್ರವೇಶಿಸುತ್ತಾರೆ. ತಮ್ಮ ಧರ್ಮಶ್ರದ್ಧೆಯನ್ನೂ ಹಾಗೆಯೇ ಹೊರಗೆ ಒರಗಿಸಿ ಒಳಗೆ ಹೋಗುವುದು ಸಾಧ್ಯವೆ? ಸಾಧ್ಯ, ಹಾಗೆಯೇ ಮಾಡತಕ್ಕದ್ದು ಎನ್ನುವವರು ಬಹಳ ಮಂದಿ. ಆದರೆ ಶ್ರದ್ಧೆಯೆಂಬುದು ಮನುಷ್ಯನ ನೋಟದಲ್ಲಿ, ಮಾತಿನ ಧಾಟಿಯಲ್ಲಿ, ಸಿಟ್ಟು ಬಂದಾಗ ಎತ್ತಿದ ಕೈಯಲ್ಲಿ ಬೆರೆತುಹೋಗಿರುವಾಗ ಅದನ್ನು ಬೇರ್ಪಡಿಸಿ ಇಡುವ ಮೂಲೆ ಯಾವುದು?

ಕರ್ನಾಟಕದ ಯಾವುದೋ ಒಂದು ಊರಿನ ಶಾಲೆಯಲ್ಲಿ ಪಾಠ ಹೇಳುವ ಕ್ರೈಸ್ತ ಉಪಾಧ್ಯಾಯಿನಿಯೊಬ್ಬರನ್ನು ವಾಚಕರು ಕಲ್ಪಿಸಿಕೊಳ್ಳಲಿ. 2011ರ ಜನಗಣತಿಯಂತೆ ರಾಜ್ಯದಲ್ಲಿ ಕ್ರೈಸ್ತರ ಸಂಖ್ಯೆ ನೂರಕ್ಕೆ ಎರಡನ್ನೂ ಮುಟ್ಟುವುದಿಲ್ಲ. ಅವರಲ್ಲಿಯೂ ದೊಡ್ಡ ಪಾಲು ಬೆಂಗಳೂರು ಮತ್ತು ದಕ್ಷಿಣ ಕನ್ನಡದ ಕಡೆಯವರು. ಹೀಗಿರಲು ಅನೇಕ ಊರುಗಳಲ್ಲಿ, ತರಗತಿಯಲ್ಲಿ ಕುಳಿತ ನಲವತ್ತು ಮಕ್ಕಳು ಹತ್ತಿರದಿಂದ ಕಂಡ ಏಕಮಾತ್ರ ಕ್ರೈಸ್ತರೆಂದರೆ ಅವರ ಟೀಚರೇ. ಆ ಮಕ್ಕಳು ಬೈಬಲನ್ನು ಓದಿದವರಲ್ಲ. ಟೀಚರನ್ನು ಮಾತ್ರ ಚೆನ್ನಾಗಿ ಓದಿಕೊಂಡಿರುತ್ತಾರೆ. ಯಾವ ದಿನ ಅವರ ಮುಖ ಬಿಗಿದಿದೆ, ಯಾರ ಪುಸ್ತಕವನ್ನು ಅವರು ಪೂರ್ತಿ ತಿದ್ದುತ್ತಾರೆ, ಯಾರ ಪುಸ್ತಕಕ್ಕೆ ಬರಿಯ ಗೀಟು ಎಳೆದು ಸಹಿ ಹಾಕುತ್ತಾರೆ ಎಂಬುದೆಲ್ಲವೂ ಮಕ್ಕಳಿಗೆ ಬಾಯಿಪಾಠ.

ಮನೆಯಲ್ಲಿರುವ ತಂದೆತಾಯಿಗಳಿಗೆ ಮತ್ತೊಂದು ಅಳುಕು. ಈ ಅಳುಕನ್ನು ನಕ್ಕು ತಳ್ಳಿಹಾಕುವುದು ನ್ಯಾಯವಲ್ಲ, ಏಕೆಂದರೆ ಅದಕ್ಕೊಂದು ಚರಿತ್ರೆಯಿದೆ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಎರಡು ವರ್ಷಗಳ ತರುವಾಯ ಬಂದ ಹರ್ಮನ್ ಮೊಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೆಗಳಿಗೆ ನಾಂದಿ ಹಾಡಿದವರು, ಕನ್ನಡಿಗರು ಅವರನ್ನು ಕೃತಜ್ಞತೆಯಿಂದ ನೆನೆಯುವುದು ಆ ಕಾರಣಕ್ಕೆ. ಆದರೆ ಅದರ ಮರುವರ್ಷವೇ, 1844ರ ಜನವರಿಯಲ್ಲಿ, ಮಿಶನ್ ಶಾಲೆಯಲ್ಲಿ ಓದಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣನೂ ಇನ್ನಿಬ್ಬರು ಬ್ರಾಹ್ಮಣ ಯುವಕರೂ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಕೌಂಡಿನ್ಯರು ಮುಂದೆ ಬಾಸೆಲಿಗೆ ಹೋಗಿ ಓದಿ, ಸಭಾಪಾಲಕರಾಗಿ ಹಿಂದಿರುಗಿ, ಬಾಳಿನ ಕೊನೆಯವರೆಗೂ ಆ ಶ್ರದ್ಧೆಯಲ್ಲಿ ನಿಂತರೆಂಬುದನ್ನು ನೋಡಿದರೆ ಅವರ ನಿರ್ಧಾರ ಎಳಸುತನದ್ದೆಂದು ಹೇಳಲಾಗದು. ಆದರೂ ಮಗನನ್ನು ಇಂಗ್ಲಿಷ್ ಕಲಿಯಲು ಕಳುಹಿಸಿದ ತಾಯಿಯ ಮನಸ್ಸು ಅಂದು ಹೇಗೆ ಬೆಂದಿರಬೇಕು? ಒಂದೇ ಘಟನೆಗೆ ಎರಡು ಸತ್ಯಗಳಿರುತ್ತವೆ. ಉಪಾಧ್ಯಾಯರಾದವರು ಎರಡನ್ನೂ ಬಲ್ಲವರಾಗಿರಬೇಕು.

ಅದಾದ ಹತ್ತು ವರ್ಷಗಳಿಗೆ, 1854ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯಿಂದ ವಿದ್ಯಾಭ್ಯಾಸದ ವಿಷಯವಾಗಿ ಒಂದು ಪ್ರಸಿದ್ಧ ನಿರೂಪ ಬಂದಿತು. ಚಾರ್ಲ್ಸ್ ವುಡ್ಡರ ಹೆಸರಿನಲ್ಲಿ ಅದು ಇಂದಿಗೂ ಬಿ.ಎಡ್. ಪರೀಕ್ಷೆಗಳಲ್ಲಿ ಮಕ್ಕಳನ್ನಲ್ಲ, ಮೇಷ್ಟರಾಗಲಿರುವವರನ್ನು ಕಾಡುತ್ತದೆ. ಅದರಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಮಾತಿದೆ. ಸರಕಾರಿ ಶಾಲೆಗಳು ಎಲ್ಲ ಮತದವರಿಗಾಗಿ ಇರುವುದರಿಂದ ಅಲ್ಲಿನ ಬೋಧನೆ ಮತದಿಂದ ದೂರವಿರಬೇಕು. ಆದರೆ ವಿದ್ಯಾರ್ಥಿ ತಾನಾಗಿಯೇ ಕ್ರೈಸ್ತಧರ್ಮದ ವಿಷಯವನ್ನು ಕೇಳಿದರೆ, ಶಾಲೆಯ ವೇಳೆ ಮುಗಿದ ಮೇಲೆ, ಉಪಾಧ್ಯಾಯರು ಉತ್ತರ ಹೇಳಬಹುದು ಎಂಬುದು ಅದರ ತಾತ್ಪರ್ಯ. ಪರಕೀಯ ಆಳ್ವಿಕೆಯವರು ಬರೆದದ್ದಾದರೂ ಇದು ತೂಕವುಳ್ಳ ಮಾತು. ಹುಡುಗ ಕೇಳಿರಬೇಕು, ಗಂಟೆ ಹೊಡೆದಿರಬೇಕು. ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಪೇತ್ರನ ಹೆಸರಿನ ಪತ್ರವೊಂದು ಕೂಡ, ನಿಮ್ಮ ನಂಬಿಕೆಗೆ ಕಾರಣವೇನೆಂದು ಕೇಳಿದವರಿಗೆ ಉತ್ತರ ಕೊಡಿರಿ, ಸೌಮ್ಯವಾಗಿ ಕೊಡಿರಿ ಎಂಬ ಭಾವವನ್ನೇ ಹೇಳುತ್ತದೆ. ಕೇಳದವರನ್ನು ಬಾಗಿಲು ಹಾಕಿ ಕೂರಿಸಿ ಹೇಳಿರೆಂದು ಹೇಳುವುದಿಲ್ಲ.

ಸ್ವತಂತ್ರ ಭಾರತದ ಸಂವಿಧಾನವು 28ನೆಯ ವಿಧಿಯಲ್ಲಿ ಈ ವಿಷಯವನ್ನು ಇನ್ನಷ್ಟು ಖಚಿತಪಡಿಸಿತು. ಪೂರ್ತಿಯಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧನೆ ಕೂಡದು. ಸರಕಾರದ ಮನ್ನಣೆಯನ್ನಾಗಲಿ ನೆರವನ್ನಾಗಲಿ ಪಡೆದ ಬೇರೆ ಶಾಲೆಗಳಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಅಂಥ ಬೋಧನೆಗೆ ಕೂರಿಸಕೂಡದು. ವಿದ್ಯಾರ್ಥಿ ಅಪ್ರಾಪ್ತವಯಸ್ಕನಾದರೆ ಪೋಷಕರ ಒಪ್ಪಿಗೆ ಬೇಕು. ಅನೇಕ ಕ್ಯಾಥೊಲಿಕ್ ಶಾಲೆಗಳಲ್ಲಿ ಒಂದೇ ಪಿರಿಯಡ್ಡಿನಲ್ಲಿ ತಮ್ಮ ಮಕ್ಕಳಿಗೆ ಧರ್ಮೋಪದೇಶವೂ ಇತರ ಮಕ್ಕಳಿಗೆ ನೀತಿಪಾಠವೂ ನಡೆಯುವುದು ಈ ಏರ್ಪಾಡಿಗೆ ಹೊಂದಿಕೊಂಡೇ. ಈ ನೀತಿಪಾಠವೆಂಬುದು ಸುಳ್ಳು ಹೇಳಬಾರದು, ಹಿರಿಯರಿಗೆ ವಿಧೇಯರಾಗಿರಬೇಕು ಎಂಬಲ್ಲಿಗೆ ನಿಂತುಬಿಡುವುದು ಬೇರೆ ಮಾತು. ಆ ಪಿರಿಯಡ್ಡನ್ನು ಗಣಿತದವರು ಎರವಲು ಪಡೆದರೆ ಮಕ್ಕಳಿಗೆ ಮಾತ್ರ ದುಃಖವಾಗುತ್ತದೆ.

ಆದರೆ ಕಾನೂನಿಗಿಂತ ಆಳವಾದ ಕಾರಣವೊಂದಿದೆ. ಹರಿಕಥೆಗೆ ಬಂದವನು ಬೇಸರವಾದರೆ ಎದ್ದು ಹೋಗಬಹುದು. ದೇವಾಲಯದಲ್ಲಿ ಪ್ರಸಂಗ ಉದ್ದವಾದರೆ ಗಡಿಯಾರ ನೋಡಬಹುದು. ಬೆಂಚಿನ ಮೇಲಿನ ಮಗುವಿಗೆ ಆ ಸ್ವಾತಂತ್ರ್ಯವಿಲ್ಲ. ಅದರ ಅಂಕಗಳು ಟೀಚರ ಕೈಯಲ್ಲಿವೆ. ಅಂಥ ಮಗು ಟೀಚರ ದೇವರಿಗೆ ತಲೆಯಾಡಿಸಿದರೆ ಅದು ನಂಬಿಕೆಯೋ ಭಯವೋ ಎಂದು ಬೇರ್ಪಡಿಸುವವರು ಯಾರು? ಸುವಾರ್ತೆಗಳಲ್ಲಿ ಐಶ್ವರ್ಯವಂತನಾದ ಒಬ್ಬ ತರುಣ ಯೇಸುವಿನ ಬಳಿಗೆ ಬಂದು, ಉತ್ತರ ಕೇಳಿ, ಮನಸ್ಸು ಕುಗ್ಗಿ ಹಿಂದಿರುಗಿ ಹೋಗುತ್ತಾನೆ. ಯೇಸು ಅವನ ಬೆನ್ನಟ್ಟಿ ಓಡಿದನೆಂದು ಯಾವ ಸುವಾರ್ತೆಯೂ ಬರೆದಿಲ್ಲ. ಹೋಗಲು ಬಿಡುವುದೂ ಆ ಧರ್ಮದೊಳಗಿನದೇ ಆದ ನಡತೆಯೆಂದು ಅರಿತ ಉಪಾಧ್ಯಾಯಿನಿಗೆ 28ನೆಯ ವಿಧಿ ಬೇಡಿಯಂತೆ ಕಾಣುವುದಿಲ್ಲ.

ಉಪದೇಶ ಬೇಡವೆಂದ ಮೇಲೆ ಉಳಿದದ್ದೇನು? ಹಾಜರಿ ಪುಸ್ತಕವೊಂದನ್ನೇ ತೆಗೆದುಕೊಳ್ಳಬಹುದು. ಕೆಲವು ಉಪಾಧ್ಯಾಯರು ಹೆಸರು ಕರೆಯುವಾಗ ಮಕ್ಕಳ ಮುಖ ನೋಡುವುದಿಲ್ಲ. ಕೆಲವರು ಪ್ರತಿಯೊಂದು ಹೆಸರಿಗೂ ಒಮ್ಮೆ ತಲೆಯೆತ್ತುತ್ತಾರೆ. ತಲೆಯೆತ್ತಿದವರಿಗೆ ಮೂರು ದಿನದಿಂದ ಅದೇ ಮಾಸಿದ ಅಂಗಿಯಲ್ಲಿ ಬಂದ ಹುಡುಗ ಕಾಣುತ್ತಾನೆ. ತಾಯಿ ಆಸ್ಪತ್ರೆಯಲ್ಲಿರುವುದು ತಿಳಿಯುತ್ತದೆ. ಶುಲ್ಕ ಕಟ್ಟದ ಮಗುವಿನ ಹೆಸರನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬೇಕೆಂದು ಕಚೇರಿಯಿಂದ ಚೀಟಿ ಬರುತ್ತದೆ. ಆ ಚೀಟಿಯನ್ನು ಓದದೆ ಮಡಿಚಿ, ಮಧ್ಯಾಹ್ನ ಮಗುವನ್ನು ಪಕ್ಕಕ್ಕೆ ಕರೆದು ಮೆಲ್ಲನೆ ಹೇಳುವುದಕ್ಕೆ ಯಾವ ದೇವರ ಹೆಸರನ್ನೂ ಎತ್ತಬೇಕಾಗಿಲ್ಲ. ದಡ್ಡನೆಂದು ಮುದ್ರೆ ಬಿದ್ದವನಿಗಾಗಿ ಅದೇ ಲೆಕ್ಕವನ್ನು ಐದನೆಯ ಸಲ ಹೊಸದೆಂಬಂತೆ ಬಿಡಿಸುವುದು ಪ್ರಾರ್ಥನೆಗಿಂತ ಕಷ್ಟ. ತಾಳ್ಮೆ ತಪ್ಪಿ ಎಲ್ಲರೆದುರು ಹಂಗಿಸಿದ ದಿನ ಎಲ್ಲರೆದುರೇ ಕ್ಷಮೆ ಕೇಳುವುದು ಇನ್ನೂ ಕಷ್ಟ. ಮೇಷ್ಟರ ಗೌರವಕ್ಕೆ ಅದರಿಂದ ಕುಂದೆನ್ನುವವರು ಸ್ಟಾಫ್ ರೂಮಿನಲ್ಲಿ ಯಾವಾಗಲೂ ಇಬ್ಬರಾದರೂ ಇರುತ್ತಾರೆ.

ಆ ಸ್ಟಾಫ್ ರೂಮಿನಲ್ಲಿಯೇ ಇನ್ನೊಂದು ಇಕ್ಕಟ್ಟು. ಸರಕಾರಿ ಶಾಲೆಯಲ್ಲಿ ಶಾರದಾಪೂಜೆ ನಡೆಯುತ್ತದೆ. ಎಲ್ಲ ಉಪಾಧ್ಯಾಯರೂ ಮಂಗಳಾರತಿಗೆ ಸಾಲುಗಟ್ಟುತ್ತಾರೆ. ಕ್ರೈಸ್ತ ಉಪಾಧ್ಯಾಯಿನಿ ಏನು ಮಾಡಬೇಕು? ಒಬ್ಬರ ಮನಸ್ಸಾಕ್ಷಿ ಒಂದು ಹೇಳಿದರೆ ಇನ್ನೊಬ್ಬರದು ಮತ್ತೊಂದು ಹೇಳುತ್ತದೆ. ಹೊರಗಿನವರು ತೀರ್ಪು ಕೊಡುವ ವಿಷಯ ಇದಲ್ಲ. ಆದರೆ 1986ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪು ಇಲ್ಲಿ ನೆನಪಿಗೆ ಬರುತ್ತದೆ. ಕೇರಳದ ಮೂವರು ಯೆಹೋವನ ಸಾಕ್ಷಿಗಳ ಪಂಥದ ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅದಕ್ಕಾಗಿ ಅವರನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ನ್ಯಾಯಾಲಯ ಹೇಳಿತು. ಎದ್ದು ನಿಲ್ಲುವ ಮರ್ಯಾದೆ ಒಂದು, ಬಾಯಿ ತೆರೆಯದಿರುವ ಹಕ್ಕು ಒಂದು. ಅಂತೆಯೇ ಬೆಳಗ್ಗೆ ಮಕ್ಕಳೊಡನೆ ತೋರಣ ಕಟ್ಟಿ, ಆರತಿಯ ಹೊತ್ತಿನಲ್ಲಿ ಹಿಂದೆ ಸುಮ್ಮನೆ ನಿಂತು, ಕೊನೆಯಲ್ಲಿ ಕೋಸಂಬರಿ ಹಂಚಲು ಮುಂದೆ ಬರುವವರು ಯಾರ ಶ್ರದ್ಧೆಗೂ ಕುಂದು ತರುವುದಿಲ್ಲ. ಕ್ರೈಸ್ತ ಶಾಲೆಯ ಪ್ರಾರ್ಥನೆಯಲ್ಲಿ ಹಿಂದೂ ಮುಸಲ್ಮಾನ ಉಪಾಧ್ಯಾಯರು ಸುಮ್ಮನೆ ನಿಂತಾಗ ಅದೇ ಮರ್ಯಾದೆ ಅವರಿಗೂ ಸಲ್ಲಬೇಕೆಂಬುದನ್ನು ಕೆಲವು ಕ್ರೈಸ್ತರು ಮರೆಯುವುದುಂಟು.

ಇವೆಲ್ಲ ಒಬ್ಬ ವ್ಯಕ್ತಿಯ ಕೈಯಳತೆಯಲ್ಲಿರುವ ಮಾತಾಯಿತು. ಬಾಗಿಲ ಹೊರಗೆ ನಿಂತ ಮಗುವಿನ ಪ್ರಶ್ನೆ ಬೇರೆ. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಲು ಬಂದ ಮಹಾರ್ ಜಾತಿಯ ಬಾಲಕನಿಗೆ ಪ್ರವೇಶ ದೊರೆಯಲಿಲ್ಲ. ಆ ಒಬ್ಬ ಹುಡುಗನ ಅರ್ಜಿ ಮುಂಬಯಿ ಸರಕಾರವನ್ನು ಹಾದು ಲಂಡನ್ನಿನವರೆಗೆ ಚರ್ಚೆಗೆ ಕಾರಣವಾಯಿತು. ಪೂರ್ತಿ ಸರಕಾರದ ಖರ್ಚಿನಲ್ಲಿ ನಡೆಯುವ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕದ್ದೆಂದು 1858ರಲ್ಲಿ ಮುಂಬಯಿ ಸರಕಾರ ಸಾರಿದ್ದು ಇದರ ತರುವಾಯ. ಸಾರಿದ್ದು ಕಾಗದದ ಮೇಲೆ. ಕೂರಿಸಬೇಕಾದದ್ದು ಬೆಂಚಿನ ಮೇಲೆ. ಕರಾವಳಿಯಲ್ಲಿ ಆ ಕೆಲಸಕ್ಕೆ ಬಾಳನ್ನೇ ತೆತ್ತ ಕುದ್ಮುಲ್ ರಂಗರಾಯರು ಕ್ರೈಸ್ತರಾಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಒಳ್ಳೆಯತನಕ್ಕೆ ಯಾವ ಮತದವರೂ ಏಕಸ್ವಾಮ್ಯ ಪಡೆದಿಲ್ಲ.

ಇಂದಿನ ಬಾಗಿಲು ಜಾತಿಯ ಹೆಸರಿನಲ್ಲಿ ಅಷ್ಟು ಬಹಿರಂಗವಾಗಿ ಮುಚ್ಚುವುದಿಲ್ಲ. ಶುಲ್ಕದ ಹೆಸರಿನಲ್ಲಿ ಮುಚ್ಚುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ, ಖಾಸಗಿ ಶಾಲೆಗಳ ಪ್ರವೇಶತರಗತಿಯಲ್ಲಿ ನೂರಕ್ಕೆ 25 ಸ್ಥಾನಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕೆಂದಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಮಾನಿಸಿತು. 2025ರಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠ ಆ ತೀರ್ಮಾನದ ವಿಷಯವಾಗಿ ಸಂದೇಹವನ್ನು ಸೂಚಿಸಿತು. ತಮ್ಮ ಸಂಸ್ಥೆಗಳನ್ನು ತಾವೇ ನಡೆಸಿಕೊಳ್ಳುವ ಹಕ್ಕು ಅಲ್ಪಸಂಖ್ಯಾತರಿಗೆ ಅಮೂಲ್ಯವಾದುದು. ಅದನ್ನು ಕಾಪಾಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಕಾನೂನು ಕೊಟ್ಟ ವಿನಾಯಿತಿಯನ್ನು ಸುವಾರ್ತೆಯೂ ಕೊಟ್ಟಿದೆಯೆ? ಚಿಕ್ಕ ಮಕ್ಕಳನ್ನು ತಡೆಯಬೇಡಿರೆಂದು ಯೇಸು ಶಿಷ್ಯರನ್ನು ಗದರಿಸಿದ ಚಿತ್ರ ಎಷ್ಟೋ ಶಾಲೆಗಳ ಪ್ರವೇಶಕೊಠಡಿಯಲ್ಲಿ ತೂಗುತ್ತಿರುತ್ತದೆ. ಅದರ ಕೆಳಗಿನ ಮೇಜಿನ ಮೇಲೆಯೇ ಶುಲ್ಕದ ಪಟ್ಟಿಯೂ ಇರುತ್ತದೆ.

ಉಪಾಧ್ಯಾಯಿನಿಗೆ ಆಡಳಿತ ಮಂಡಲಿಯಲ್ಲಿ ಸ್ಥಾನವಿಲ್ಲ. ಖಾಸಗಿ ಶಾಲೆಯಾದರೆ ಅವರ ಸಂಬಳವೂ ಅಷ್ಟಕ್ಕಷ್ಟೆ, ಕೆಲಸದ ಭದ್ರತೆಯೂ ಅಷ್ಟಕ್ಕಷ್ಟೆ. ಹೆಚ್ಚು ಮಾತನಾಡಿದವರ ಹೆಸರು ಮುಂದಿನ ವರ್ಷದ ವೇಳಾಪಟ್ಟಿಯಲ್ಲಿ ಇಲ್ಲದೆ ಹೋಗಬಹುದು. ಆದರೂ ಪ್ರವೇಶದ ಕಾಲದಲ್ಲಿ ಮುಖ್ಯೋಪಾಧ್ಯಾಯಿನಿಯ ಕೊಠಡಿಗೆ ಹೋಗಿ, “ಸಿಸ್ಟರ್, ಆಯಾ ಕೆಲಸ ಮಾಡುವವರ ಮಗಳು ಒಬ್ಬಳಿದ್ದಾಳೆ, ತರಕಾರಿ ಗಾಡಿಯವರ ಹುಡುಗ ಒಬ್ಬನಿದ್ದಾನೆ, ನನ್ನ ತರಗತಿಯಲ್ಲಿ ಇನ್ನಿಬ್ಬರಿಗೆ ಜಾಗವಾಗುತ್ತದೆ” ಎಂದು ಹೇಳುವ ಉಪಾಧ್ಯಾಯಿನಿಯರಿದ್ದಾರೆ. ಕೆಲವು ಸಲ ಆಗುವುದಿಲ್ಲವೆಂಬ ಉತ್ತರ ಬರುತ್ತದೆ. ಕೆಲವು ಸಲ ಜೂನ್ ತಿಂಗಳಲ್ಲಿ ಕೊನೆಯ ಬೆಂಚಿನ ಮಕ್ಕಳಿಗೆ ಸ್ವಲ್ಪ ಒತ್ತಿ ಕುಳಿತುಕೊಳ್ಳುವಂತೆ ಹೇಳಬೇಕಾಗುತ್ತದೆ.